ಸವೆ, ಸವಕಲು, ಸವಕಳಿ

ಮಾಗಡಿ ಪೇಟೆಯ ರಿಪೇರಿ ಅಂಗಡಿಗಳಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಕೇಳಿಬರುವ ಮಾತು ‘ಸವ್ದೋಗೈತೆ’. ಚಪ್ಪಲಿಯ ಅಟ್ಟೆ ಸವ್ದೋಗೈತೆ, ಟೈರು ಸವ್ದೋಗೈತೆ, ಮೋಟರಿನ ಬೇರಿಂಗು ಸವ್ದೋಗೈತೆ. ಬರಹಕ್ಕೆ ಇಳಿಸಿದರೆ ‘ಸವೆದು ಹೋಗಿದೆ’. ಹೀಗೆ ಕೇಳಿ ಕೇಳಿ, ‘ಸವೆ’ ಎಂದರೆ ಉಜ್ಜಿ ಉಜ್ಜಿ ತೆಳ್ಳಗಾಗುವುದು ಎಂದೇ ನಾವು ತಿಳಿದುಕೊಂಡಿದ್ದೇವೆ. ಪದದ ಹಳೆಯ ಜಾಡು ಹಿಡಿದು ಹೋದರೆ ಉಜ್ಜುವ ಮಾತು ಅಷ್ಟು ಮುಖ್ಯವಲ್ಲ ಎಂದು ತಿಳಿಯುತ್ತದೆ.

ಹಳಗನ್ನಡದಲ್ಲಿ ಇದು ‘ಸಮೆ’. ಎರಡು ಸ್ವರಗಳ ನಡುವೆ ಸಿಕ್ಕ ಮಕಾರ ವಕಾರವಾಗಿ ಸಡಿಲಗೊಳ್ಳುವುದು ಕನ್ನಡಕ್ಕೆ ಹೊಸದೇನಲ್ಲ. ಶಾಸನಗಳ ‘ಗಾಮುಂಡ’ ‘ಗಾವುಂಡ’ವಾಗಿ, ಕೊನೆಗೆ ‘ಗೌಡ’ ಆದದ್ದು ಇದೇ ದಾರಿಯಲ್ಲಿ. 1638ರಲ್ಲಿ ಬೆಂಗಳೂರು ಬಿಜಾಪುರದ ಪಾಲಾದ ಮೇಲೆ ಮಾಗಡಿಯಲ್ಲಿ ನೆಲೆ ನಿಂತ ಕೆಂಪೇಗೌಡರ ಮನೆತನದ ಹೆಸರಲ್ಲೂ, ನಮ್ಮ ‘ಸವೆ’ಯಲ್ಲೂ ಕೆಲಸ ಮಾಡಿರುವುದು ಒಂದೇ ಧ್ವನಿನಿಯಮ.

ಸ್ವಾರಸ್ಯವಿರುವುದು ಅರ್ಥದಲ್ಲಿ. ಹಳೆಯ ಭಾಷೆಯಲ್ಲಿ ‘ಸಮೆ’ ಎಂಬ ಒಂದೇ ರೂಪಕ್ಕೆ ಎರಡು ಅರ್ಥಗಳಿದ್ದವು. ಒಂದು ಸಿದ್ಧವಾಗು, ನಿರ್ಮಾಣವಾಗು ಎಂಬುದು. ಇನ್ನೊಂದು ಕುಂದು, ವ್ಯಯವಾಗು ಎಂಬುದು. ತೇರು ಸಮೆಯಿತು ಎಂದರೆ ಕಟ್ಟಿ ಮುಗಿಯಿತು ಎಂದೂ ಆಗಬಹುದು, ಹಾಳಾಯಿತು ಎಂದೂ ಆಗಬಹುದು. ಯಾವುದೆಂದು ಸಂದರ್ಭವೇ ಹೇಳಬೇಕು. ನೆರೆಯ ತಮಿಳಿನಲ್ಲಿ ‘ಸಮೈ’ ಎಂದರೆ ಅಡುಗೆ ಮಾಡು, ಅಣಿಗೊಳಿಸು. ತೆಲುಗಿನಲ್ಲಿ ‘ಸಮಯು’ ಎಂದರೆ ಅಳಿ, ಸಾಯು. ಎರಡನ್ನೂ ಇಟ್ಟುಕೊಂಡಿದ್ದ ಕನ್ನಡ ಕಾಲ ಕಳೆದಂತೆ ಕಟ್ಟುವ ಅರ್ಥವನ್ನು ಬಿಟ್ಟುಕೊಟ್ಟು, ಕುಂದುವ ಅರ್ಥವನ್ನು ಉಳಿಸಿಕೊಂಡಿತು.

ಹಾಗೆಂದು ಉಳಿದದ್ದು ಬರೀ ನಾಶದ ಅರ್ಥವಲ್ಲ. ತನು, ಮನ, ಧನ ಮೂರನ್ನೂ ದಾಸೋಹದಲ್ಲಿ ಸವೆಸಬೇಕು ಎಂಬುದು ಶರಣರ ನಿಲುವು. ಅಲ್ಲಿ ಸವೆಯುವುದು ಸೋಲಲ್ಲ, ಸಲ್ಲುವುದು. ಇವತ್ತಿನ ಆಡುಮಾತಿನಲ್ಲೂ ಇದೇ ನೆರಳಿದೆ. ಮಕ್ಕಳಿಗಾಗಿ ಜೀವ ಸವೆಸಿದಳು ಎಂದರೆ ಅದು ಮೆಚ್ಚುಗೆ. ಖಾತೆ ಬದಲಾವಣೆಗೆ ಓಡಾಡಿ ಚಪ್ಪಲಿ ಸವೆಸಿದೆ ಎಂದರೆ ದೂರು. ಹೇಳಿ ಹೇಳಿ ನಾಲಿಗೆ ಸವೆಯಿತು ಎಂದರೆ ಬೇಸರ. ದಾರಿ ಸವೆಸಿದ ಎಂದಾಗಂತೂ ಮಾತು ತಿರುಗಿ ನಿಲ್ಲುತ್ತದೆ: ನಡೆದವನ ಕಾಲು ನೋಯಬೇಕಾದಲ್ಲಿ ದಾರಿಯೇ ಕಡಿಮೆಯಾಗುತ್ತಾ ಹೋಗುತ್ತದೆ. ಇವುಗಳಲ್ಲೆಲ್ಲ ಒಂದು ಲೆಕ್ಕ ಅಡಗಿದೆ. ಏನೋ ಖರ್ಚಾಗಿದೆ, ಅದು ಎಲ್ಲಿಗೆ ಹೋಯಿತು, ಯಾರಿಗೆ ಸಂದಿತು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ.

ಪಕ್ಕದ ಪದ ‘ತೇಯು’ವಿನ ಜೊತೆ ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ. ತೇಯಲು ಕೈ ಬೇಕು, ಕಲ್ಲು ಬೇಕು, ಕೊರಡು ಬೇಕು. ಸವೆಯಲು ಇವು ಯಾವುವೂ ಬೇಡ, ಬಳಕೆಯೊಂದಿದ್ದರೆ ಸಾಕು.

ಪೇಟೆಗೆ ಬಂದ ಮೇಲೆ ಪದಕ್ಕೆ ಮರಿಗಳು ಹುಟ್ಟಿದವು. ಬೆಳ್ಳಿಯ ನಾಣ್ಯ ಕೈಯಿಂದ ಕೈಗೆ ಹೋಗಿ ತೂಕ ಕಳೆದುಕೊಂಡಾಗ ಸವಕಲು ನಾಣ್ಯವಾಯಿತು. ವ್ಯಾಪಾರಿ ಅದಕ್ಕೆ ವಟ್ಟ ಹಿಡಿದ. ಅಲ್ಲಿಂದ ವಿಮರ್ಶಕರು ಅದನ್ನು ಎತ್ತಿಕೊಂಡು, ಎಲ್ಲರೂ ಆಡಿ ಆಡಿ ಮೊನೆ ಹೋದ ನುಡಿಗೆ ಸವಕಲು ಮಾತು ಎಂದರು. ವಾಣಿಜ್ಯದ ಪಠ್ಯಗಳಲ್ಲಿ ‘ಸವಕಳಿ’ ಯಂತ್ರದ ಬೆಲೆಯಲ್ಲಿ ವರ್ಷವರ್ಷವೂ ಕಳೆಯುವ ಮೊತ್ತವಾಯಿತು. ಯಂತ್ರದಲ್ಲಿ ಕಳೆದ ಆ ಮೊತ್ತ ಅದು ತಯಾರಿಸಿದ ಸರಕಿನ ಬೆಲೆಯೊಳಗೆ ಸೇರಿರುತ್ತದೆ. ಕೃಷಿಯಲ್ಲಿ ‘ಮಣ್ಣಿನ ಸವಕಳಿ’ ಬಂತು. ಮಾಗಡಿ ಸೀಮೆಯ ಇಳಿಜಾರು ರಾಗಿ ಹೊಲದ ಮೇಲ್ಮಣ್ಣು ಮುಂಗಾರಿನ ಹೊಡೆತಕ್ಕೆ ಕೊಚ್ಚಿ, ಕೆಳಗಿನ ಕೆರೆಯಲ್ಲಿ ಹೂಳಾಗುತ್ತದೆ. ಬೇಸಿಗೆಯಲ್ಲಿ ಅದೇ ಕೆರೆಗೋಡನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಮರಳಿಸುವುದು ನಮ್ಮ ರೈತರ ಹಳೆಯ ರೂಢಿ.

ಮಾಗಡಿಗೆ ಹತ್ತಿರದ ಸಾವನದುರ್ಗ ಇನ್ನೂ ದೊಡ್ಡ ಉದಾಹರಣೆ. 1,226 ಮೀಟರ್ ಎತ್ತರದ ಆ ಬೆಟ್ಟ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಶಿಲಾಸಾಲಿಗೆ ಸೇರಿದ್ದು. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಹೆಪ್ಪುಗಟ್ಟಿದ ಈ ಕಲ್ಲು ಹೊರಗೆ ಕಂಡದ್ದು ಅದರ ಮೇಲಿದ್ದ ಪದರಗಳೆಲ್ಲ ಸವೆದ ಮೇಲೆ. ಕಳೆದುಹೋದ ‘ಸಮೆ’ಯ ಎರಡೂ ಅರ್ಥಗಳು ಇಲ್ಲಿ ಒಂದೇ ಬೆಟ್ಟಕ್ಕೆ ಸಲ್ಲುತ್ತವೆ.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಪದಕ್ಕೆ ಅಂಗೈಯಗಲದ ಹೊಸ ಮನೆ ಸಿಕ್ಕಿತು: ಕಂಪ್ಯೂಟರಿನ ಬರಹವನ್ನು ಕವಚದೊಳಗಿನ ಕಾಂತೀಯ ತಟ್ಟೆಯಲ್ಲಿ ಹೊತ್ತೊಯ್ಯುವ ಫ್ಲಾಪಿ. ತಾಲ್ಲೂಕು ಊರುಗಳ ಡಿಟಿಪಿ ಅಂಗಡಿಗಳಲ್ಲಿ ಜೋಡಿಸಿದ ಲಗ್ನಪತ್ರಿಕೆ, ಕರಪತ್ರಗಳು ಮುದ್ರಣಕ್ಕೆ ಪಯಣ ಹೊರಡುತ್ತಿದ್ದದ್ದು ಅಂಗಿಯ ಜೇಬಿನಲ್ಲಿ, ಇದರೊಳಗೆ ಕೂತು. ಹಿಂದಿನ ಐದೂಕಾಲು ಇಂಚಿನ ಫ್ಲಾಪಿಯಲ್ಲಿ ಓದುವ ಕಿಂಡಿ ತೆರೆದೇ ಇರುತ್ತಿತ್ತು. ಸೋನಿ ಕಂಪನಿ 1981ರಲ್ಲಿ ಮಾರುಕಟ್ಟೆಗೆ ತಂದ ಮೂರೂವರೆ ಇಂಚಿನದಕ್ಕೆ ಗಟ್ಟಿ ಪ್ಲಾಸ್ಟಿಕ್ ಕವಚವೂ, ಕಿಂಡಿ ಮುಚ್ಚಲು ಜಾರುವ ಷಟರೂ ಬಂದವು.

ಆ ಷಟರ್ ಕವಚದ ಎರಡೂ ಮೈಯನ್ನು ತಬ್ಬುವಂತೆ ಮಡಚಿದ ತೆಳು ತಗಡು. ಫ್ಲಾಪಿಯನ್ನು ಡ್ರೈವಿಗೆ ತಳ್ಳಿದರೆ ಒಳಗಿನ ಸನ್ನೆ ಅದನ್ನು ಪಕ್ಕಕ್ಕೆ ಸರಿಸುತ್ತದೆ. ಹೊರಗೆಳೆದರೆ ಮೂಲೆಯಲ್ಲಿ ಅಡಗಿದ ತಂತಿ ಸ್ಪ್ರಿಂಗು ಟಕ್ಕನೆ ಮುಚ್ಚುತ್ತದೆ. ಧೂಳು ತಡೆಯಲೆಂದು ಇಟ್ಟ ಬಾಗಿಲು ತಾನೇ ಧೂಳು ಹುಟ್ಟಿಸಿದ್ದು ಇಲ್ಲಿನ ತಮಾಷೆ. ಪ್ರತಿ ಸಲ ಸರಿದಾಗಲೂ ತಗಡಿನ ಅಂಚು ಪ್ಲಾಸ್ಟಿಕ್ಕನ್ನು ಕೆರೆಯುತ್ತಿತ್ತು. ಕೆರೆದು ಬಂದ ಪುಡಿ ಕಿಂಡಿಯ ಬಾಯಲ್ಲೇ ಇದ್ದುದರಿಂದ ತಟ್ಟೆಯ ಮೇಲೆ ಬೀಳಲು ಹೊತ್ತು ಬೇಕಿರಲಿಲ್ಲ. ತಟ್ಟೆ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ, ಓದುವ ಹೆಡ್ಡು ಅದನ್ನು ಮುಟ್ಟಿಕೊಂಡೇ ಇರುತ್ತದೆ, ಪಕ್ಕಪಕ್ಕದ ಟ್ರ್ಯಾಕುಗಳ ಅಂತರ 0.19 ಮಿಲಿಮೀಟರಿನಷ್ಟು. ನಡುವೆ ಒಂದು ಕಣ ಸಿಕ್ಕರೆ ಅಷ್ಟು ಭಾಗದ ಬರಹ ಓದಲಾಗದು. ಕಾಂತೀಯ ಲೇಪಕ್ಕೆ ಗೀರೂ ಬಿದ್ದೀತು.

ಅಂಗಡಿಯ ಷಟರ್ ಕಿರುಗುಟ್ಟಿದರೆ ಗ್ರೀಸು ಬಳಿದು ಕೈ ತೊಳೆದುಕೊಳ್ಳಬಹುದು. ಫ್ಲಾಪಿಗೆ ಗ್ರೀಸು ಬಳಿದರೆ ಅದೂ ತಟ್ಟೆಗೇ ಇಳಿಯುತ್ತದೆ. ಆದ್ದರಿಂದ ತಯಾರಕರು ಬೇರೆ ದಾರಿಗಳನ್ನು ಹುಡುಕಿದರು. ತಗಡು ಕತ್ತರಿಸುವಾಗ ಅಂಚಿನಲ್ಲಿ ಉಳಿಯುವ ಚೂಪನ್ನು ನುಣುಪು ಮಾಡಿದರು. ಷಟರ್ ಮೈಯೆಲ್ಲ ಕವಚಕ್ಕೆ ಒರಗದೆ, ಎದ್ದ ಒಂದೆರಡು ಗೆರೆಗಳ ಮೇಲಷ್ಟೇ ಜಾರುವಂತೆ ನೋಡಿಕೊಂಡರು. ಸ್ಪ್ರಿಂಗು ಬಿಗಿಯಾದರೆ ಷಟರ್ ಓರೆಯಾಗಿ ಕೆರೆಯುತ್ತದೆ, ಸಡಿಲವಾದರೆ ಪೂರ್ತಿ ಮುಚ್ಚುವುದಿಲ್ಲ. ಇವೆರಡರ ನಡುವೆ ಹದ ಕಂಡುಕೊಳ್ಳಬೇಕಾಯಿತು. ಮೊದಲು ಸ್ಟೇನ್‌ಲೆಸ್ ಸ್ಟೀಲಾಗಿದ್ದ ಷಟರ್ ಮುಂದೆ ಅಲ್ಯುಮಿನಿಯಂ, ಪ್ಲಾಸ್ಟಿಕ್‌ಗಳಲ್ಲೂ ಬಂತು. ಆ ಪ್ಲಾಸ್ಟಿಕ್ಕಿನಲ್ಲಿ ಪಾಲಿಅಸಿಟಾಲ್ ಎಂಬುದು ಹುಟ್ಟಾ ಜಾರುಗುಣದ್ದು. ಎಣ್ಣೆಯ ಹಂಗಿಲ್ಲದೆ ಸರಿಯುತ್ತದೆ.

ಇಷ್ಟಾದರೂ ಸವೆತ ಪೂರ್ತಿ ನಿಲ್ಲಲಿಲ್ಲ. ಅದಕ್ಕೆ ಉತ್ತರ ಕವಚದ ಒಳಗಿತ್ತು. ತಟ್ಟೆಯ ಎರಡೂ ಬದಿಗೆ ನೇಯದ ಬಟ್ಟೆಯ ತೆಳು ಪದರ ಹಾಸಿ, ತಿರುಗುವಾಗಲೇ ಅದು ಪುಡಿಯನ್ನು ಒರೆಸಿ ಹಿಡಿದಿಟ್ಟುಕೊಳ್ಳುವಂತೆ ಮಾಡಿದ್ದರು. ಸವೆಯುವುದನ್ನು ತಡೆಯಲಾಗದಿದ್ದರೆ ಸವೆದದ್ದು ಎಲ್ಲಿಗೆ ಹೋಗಬೇಕು ಎಂಬುದನ್ನಾದರೂ ತೀರ್ಮಾನಿಸಬಹುದು. ಕೆರೆಗೋಡು ಹೊತ್ತ ರೈತರೂ ಮಾಡಿದ್ದು ಅದನ್ನೇ.

2011ರಲ್ಲಿ ಸೋನಿ ಫ್ಲಾಪಿಗಳ ಮಾರಾಟ ನಿಲ್ಲಿಸಿತು. ಈಗಿನ ಪೆನ್‌ಡ್ರೈವಿನಲ್ಲಿ ತಿರುಗುವ ತಟ್ಟೆಯಿಲ್ಲ, ಮುಟ್ಟುವ ಹೆಡ್ಡಿಲ್ಲ. ಆದರೂ ಅದರ ಕೋಶಗಳಿಗೆ ಆಯಸ್ಸಿನ ಮಿತಿಯಿದೆ. ಬರೆದು ಅಳಿಸಿದಾಗಲೆಲ್ಲ ಎಲೆಕ್ಟ್ರಾನುಗಳು ತೆಳುವಾದ ನಿರೋಧಕ ಪದರವನ್ನು ಹಾಯುತ್ತವೆ, ಪದರ ದುರ್ಬಲವಾಗುತ್ತಾ ಹೋಗುತ್ತದೆ. ಹಾಗಾಗಿ ಬರಹವನ್ನು ಒಂದೇ ಜಾಗಕ್ಕೆ ಹೇರದೆ ಎಲ್ಲ ಕೋಶಗಳಿಗೂ ಸರದಿಯಂತೆ ಹಂಚುವ ವ್ಯವಸ್ಥೆಯನ್ನು ಚಿಪ್ಪಿನೊಳಗೇ ಇಟ್ಟಿರುತ್ತಾರೆ. ಎಂಜಿನಿಯರುಗಳು ಅದನ್ನು ವೇರ್ ಲೆವೆಲಿಂಗ್ ಎನ್ನುತ್ತಾರೆ.

ಇದಕ್ಕೆ ಕನ್ನಡ ಹೊಸ ಕ್ರಿಯಾಪದ ಕಟ್ಟಬೇಕಾಗಿಲ್ಲ. ಉಜ್ಜು, ತೇಯು, ಕೆರೆ ಎಂಬ ಪದಗಳು ಇಲ್ಲಿ ಸಲ್ಲವು, ಏಕೆಂದರೆ ಇಲ್ಲಿ ಯಾವುದೂ ಯಾವುದಕ್ಕೂ ತಾಗುತ್ತಿಲ್ಲ. ‘ಸವೆ’ ಮಾತ್ರ ಸಲ್ಲುತ್ತದೆ. ಬಳಕೆಯಲ್ಲಿ ವ್ಯಯವಾಗು ಎಂಬ ಅದರ ಹಳಗನ್ನಡದ ಅರ್ಥವೇ ಪೆನ್‌ಡ್ರೈವಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಕೋಶಗಳ ಸವೆತವನ್ನು ಸಮನಾಗಿ ಹಂಚುವುದಕ್ಕೆ ‘ಸವೆಹಂಚಿಕೆ’ ಎಂದರೆ ಪಠ್ಯಪುಸ್ತಕಕ್ಕೂ ಆಯಿತು, ಪೇಟೆಗೂ ಆಯಿತು.