ರಹೀಂ ಸಾಹೇಬರು ಯಾರವರು?

ಹತ್ತೊಂಬತ್ತನೇ ಶತಮಾನದಲ್ಲಿ ಮುಂಬಯಿಯ ಗ್ರಾಂಟ್ ರೋಡಿನಲ್ಲಿ ಒಂದರ ಹಿಂದೊಂದು ನಾಟಕಶಾಲೆಗಳು ಎದ್ದವು. ಸಾಹೇಬರು ಅವನ್ನು ಪ್ಲೇ ಹೌಸ್ ಎಂದರು. ಬೀದಿಯ ಜನ ಅದನ್ನು ‘ಪೀಲಾ ಹೌಸ್’ ಮಾಡಿಕೊಂಡರು. ಮನೆ ಹಳದಿಯೋ ಅಲ್ಲವೋ ಯಾರಿಗೆ ಬೇಕಿತ್ತು! ಮುಂದೆ ನಾಟಕದ ಜಾಗಕ್ಕೆ ಸಿನಿಮಾ ಬಂತು. ಅದೇ ಗ್ರಾಂಟ್ ರೋಡಿನಲ್ಲಿ ಚರ್ಚ್‌ಗೇಟ್ ಕಡೆಯ ಸ್ಲೋ ಲೋಕಲ್ ಹತ್ತಿದರೆ ಚರ್ನಿ ರೋಡ್, ಮರೀನ್ ಲೈನ್ಸ್, ಆಮೇಲೆ ಚರ್ಚ್‌ಗೇಟ್. ಇಳಿದು ಓವಲ್ ಮೈದಾನದ ಪಕ್ಕ ದಕ್ಷಿಣಕ್ಕೆ ನಡೆದರೆ ಕೂಪರೇಜ್ ಫುಟ್‌ಬಾಲ್ ಮೈದಾನ. ಕತೆ ಹೇಳುವ ಬೀದಿಗೂ ಚೆಂಡು ಒದೆಯುವ ಜಾಗಕ್ಕೂ ನಡುವೆ ಮೂರೇ ಸ್ಟೇಷನ್ನು.

2024ರ ಏಪ್ರಿಲ್‌ನಲ್ಲಿ ಇವೆರಡೂ ಒಂದಾದವು. ‘ಮೈದಾನ್’ ಎಂಬ ಹಿಂದಿ ಚಿತ್ರ ಬಿಡುಗಡೆಯಾಯಿತು. ಭಾರತ ಫುಟ್‌ಬಾಲ್ ತಂಡದ ಕೋಚ್ ಆಗಿದ್ದ ಸೈಯದ್ ಅಬ್ದುಲ್ ರಹೀಂ ಅವರ ಪಾತ್ರದಲ್ಲಿ ಅಜಯ್ ದೇವಗನ್. ಒಂದು ಕಡೆ ಹೈದರಾಬಾದಿನ ಮಿತಭಾಷಿ ಮೇಷ್ಟ್ರು, ಇನ್ನೊಂದು ಕಡೆ ಅವರ ಕಾಲೆಳೆಯುವ ಕಲ್ಕತ್ತೆಯ ದೊಡ್ಡಮನುಷ್ಯರು. ಸಿನಿಮಾಕ್ಕೆ ಒಬ್ಬ ಖಳನಾದರೂ ಬೇಕಲ್ಲ, ಇರಲಿ. ಆದರೆ ಚಿತ್ರ ಕೆದಕಿದ ಜಗಳ ಸಿನಿಮಾದವರು ಕಟ್ಟಿದ್ದಲ್ಲ. ರಹೀಂ ತೀರಿಕೊಂಡು ಅರವತ್ತು ವರ್ಷ ದಾಟಿದರೂ ಹಳೆಯ ಫುಟ್‌ಬಾಲ್ ಪ್ರೇಮಿಗಳು ಒಂದೆಡೆ ಸೇರಿದರೆ ಅದು ಎದ್ದು ಕೂರುತ್ತದೆ. ಆಟಗಾರರನ್ನು ರಹೀಂ ದೊಡ್ಡವರನ್ನಾಗಿ ಮಾಡಿದರೋ, ಆಟಗಾರರಿಂದ ರಹೀಂ ದೊಡ್ಡವರಾದರೋ?

ಈ ವಾದಕ್ಕೆ ಮುಂಬಯಿಗಿಂತ ಒಳ್ಳೆಯ ಕಟ್ಟೆ ಇಲ್ಲ. ಕೂಪರೇಜಿನಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ 1891ರಲ್ಲಿ ಬ್ರಿಟಿಷ್ ರೆಜಿಮೆಂಟುಗಳ ಪಂದ್ಯಾವಳಿಯಾಗಿ ಶುರುವಾದದ್ದು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದೆಂದು ಕೇಳಿದರೆ ಬಹಳ ಮಂದಿ ಮೋಹನ್ ಬಾಗಾನ್ ಎನ್ನುತ್ತಾರೆ. ಅಲ್ಲ, ಬೆಂಗಳೂರ್ ಮುಸ್ಲಿಮ್ಸ್. 1937ರಲ್ಲಿ ಗೆದ್ದರು, 1938ರಲ್ಲಿ ಮತ್ತೆ ಗೆದ್ದರು, ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಮೂರನೇ ಬಾರಿ. ಕನ್ನಡ ನಾಡಿನವರು ತಮ್ಮ ಕ್ರೀಡಾ ಇತಿಹಾಸ ಹೇಳುವಾಗ ಇದನ್ನು ಬಿಟ್ಟುಬಿಡುವುದೇ ಹೆಚ್ಚು.

1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ಬಂದು ಕಪ್ ಎತ್ತಿಕೊಂಡು ಹೋಯಿತು. 1951ರಲ್ಲಿ ಮತ್ತೆ ಬಂತು. 1952, 1953, 1954. ಸತತ ಐದು ವರ್ಷ. ಕಲ್ಕತ್ತೆಯ ಕ್ಲಬ್ಬುಗಳು ದೇಶದ ಮೂಲೆಮೂಲೆಯಿಂದ ಆಟಗಾರರನ್ನು ಕರೆಸಿಕೊಳ್ಳುತ್ತಿದ್ದ ಕಾಲವದು. ಬೆಂಗಳೂರಿನ ಅಹ್ಮದ್ ಖಾನ್ ಈಸ್ಟ್ ಬೆಂಗಾಲಿನ ಕಣ್ಮಣಿಯಾಗಿದ್ದರು. ಅಂಥ ತಂಡಗಳನ್ನು ದಾಟಿ ಒಂದು ಊರಿನ ಪೊಲೀಸರು ಐದು ಸಲ ಗೆದ್ದರೆ ಅದನ್ನು ಬರೀ ಅದೃಷ್ಟ ಎನ್ನುವುದು ಕಷ್ಟ. ಆ ತಂಡದ ಕೋಚ್ ರಹೀಂ.

1909ರಲ್ಲಿ ಹುಟ್ಟಿದ ರಹೀಂ ವೃತ್ತಿಯಿಂದ ಶಾಲಾ ಮೇಷ್ಟ್ರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿನ ತಂಡಕ್ಕೆ ಆಡಿದವರು, ಆಮೇಲೆ ಹೈದರಾಬಾದಿನ ಶಾಲೆಗಳಲ್ಲಿ ಪಾಠ ಮಾಡಿದವರು. ಅವರ ಪದ್ಧತಿಯಲ್ಲೂ ತರಗತಿಯ ವಾಸನೆ ಇದೆ. ಡ್ರಿಬಲ್ ಮಾಡಲೇಬಾರದು ಎಂಬ ನಿಯಮದ ಪಂದ್ಯಾವಳಿಗಳನ್ನು ಅವರು ನಡೆಸಿದರು. ಚೆಂಡು ಬಂತೋ, ಇನ್ನೊಬ್ಬನಿಗೆ ಕೊಡು. ಬಲಗಾಲಿನವರು ಎಡಗಾಲಿನಲ್ಲೇ ಆಡಬೇಕಾದ ಪಂದ್ಯಾವಳಿಯೂ ಇತ್ತು. ಕಾಪಿ ಬರೆಸುವ ಮೇಷ್ಟ್ರಿಗೆ ಮಾತ್ರ ಹೊಳೆಯುವ ಉಪಾಯಗಳಿವು: ಯಾವುದು ಬರುವುದಿಲ್ಲವೋ ಅದನ್ನೇ ನೂರು ಸಲ ಮಾಡು. ನಮ್ಮ ಕಡೆಯ ಗರಡಿಮನೆಗಳಲ್ಲಿ ಗುರುವನ್ನು ‘ವಸ್ತಾದ್’ ಎನ್ನುತ್ತಾರೆ, ಉರ್ದುವಿನ ‘ಉಸ್ತಾದ್’ ಕನ್ನಡದ ನಾಲಗೆಗೆ ಒಗ್ಗಿಕೊಂಡ ರೂಪ. ರಹೀಂ ಅವರಿಗೆ ಕೋಚ್ ಎನ್ನುವುದಕ್ಕಿಂತ ಆ ಪದ ಒಪ್ಪುತ್ತದೆ.

ಸಿಕಂದರಾಬಾದಿನ ಅಮ್ಮುಗುಡದ ಬಡಹುಡುಗ ತುಳಸಿದಾಸ್ ಬಲರಾಮ್ ಅವರನ್ನು ಗುರುತಿಸಿದವರು ರಹೀಂ. ಅಷ್ಟು ದೂರದಿಂದ ಅಭ್ಯಾಸಕ್ಕೆ ಬರಲು ಹುಡುಗನ ಕೈಯಲ್ಲಿ ಕಾಸಿರಲಿಲ್ಲ, ಸೈಕಲ್ಲಿನ ಏರ್ಪಾಡನ್ನು ರಹೀಂ ಅವರೇ ಮಾಡಿದರು ಎಂಬುದು ಹೈದರಾಬಾದಿನಲ್ಲಿ ಮತ್ತೆ ಮತ್ತೆ ಹೇಳುವ ಕತೆ. ಬಲರಾಮ್ ಮುಂದೆ ಈಸ್ಟ್ ಬೆಂಗಾಲ್ ಸೇರಿದರು, ಬಂಗಾಳದಲ್ಲೇ ಉಳಿದರು, 2023ರಲ್ಲಿ ಅಲ್ಲೇ ತೀರಿಕೊಂಡರು. ಅವರನ್ನು ಹೈದರಾಬಾದಿನ ಲೆಕ್ಕಕ್ಕೆ ಬರೆಯಬೇಕೋ ಕಲ್ಕತ್ತೆಯ ಲೆಕ್ಕಕ್ಕೋ?

ಈಗ ಎದುರುಪಕ್ಷದ ಮಾತು. ಅದರಲ್ಲೂ ಹುರುಳಿದೆ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಇರಾನ್ ವಿರುದ್ಧ 1-0ರಿಂದ ಚಿನ್ನ ಗೆದ್ದಿತು, ಗೋಲು ಹೊಡೆದವರು ಕಲ್ಕತ್ತೆಯಲ್ಲಿ ಹೆಸರಾದ ಮೇವಾಲಾಲ್. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅದೇ ರಹೀಂ ಅವರ ತಂಡ ಯುಗೊಸ್ಲಾವಿಯಾ ಎದುರು 10-1ರಿಂದ ಸೋತಿತು. ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಗೆದ್ದಾಗ ಕೋಚ್‌ಗೆ ಹಾರ ಹಾಕುವವರು ಆ ಹತ್ತು ಗೋಲುಗಳನ್ನು ಯಾರ ಲೆಕ್ಕಕ್ಕೆ ಹಾಕುತ್ತಾರೆ?

1956ರ ಮೆಲ್ಬರ್ನ್ ಒಲಿಂಪಿಕ್ಸ್ ಬಗ್ಗೆಯೂ ತಕರಾರಿದೆ. ಭಾರತ ನಾಲ್ಕನೇ ಸ್ಥಾನ ಪಡೆಯಿತು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಲೆಕ್ಕ ಬಿಡಿಸಿ ನೋಡಿದರೆ, ಮೊದಲ ಎದುರಾಳಿ ಹಂಗೆರಿ ಬರಲೇ ಇಲ್ಲ. ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದರು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾಕ್ಕೆ 4-1, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ 3-0ರಿಂದ ಸೋತರು. ಗೆದ್ದದ್ದು ಒಂದೇ ಪಂದ್ಯ. ಮಾತು ನಿಜ. ಆದರೆ 10-1ರಿಂದ ಸೋಲಿಸಿದ್ದ ಯುಗೊಸ್ಲಾವಿಯಾದ ಎದುರು ನಾಲ್ಕು ವರ್ಷಗಳ ನಂತರ ಭಾರತವೇ ಮೊದಲು ಗೋಲು ಹೊಡೆದಿತ್ತು ಎನ್ನುವುದೂ ಅದೇ ಲೆಕ್ಕದ ಪುಸ್ತಕದಲ್ಲಿದೆ. ಆ ನಡುವಿನ ಕಾಲದಲ್ಲಿ ಬರಿಗಾಲು ಹೋಗಿ ಬೂಟು ಬಂದಿತ್ತು, ಸೆಂಟರ್ ಫಾರ್ವರ್ಡನ್ನು ಸ್ವಲ್ಪ ಹಿಂದೆ ನಿಲ್ಲಿಸುವ ಹಂಗೆರಿಯವರ ಯುಕ್ತಿಯನ್ನು ರಹೀಂ ತಮ್ಮ ಹುಡುಗರಿಗೆ ಒಗ್ಗಿಸಿದ್ದರು.

ರಹೀಂ ತಮ್ಮ ಊರಿನವರನ್ನೇ ತಂಡಕ್ಕೆ ತುಂಬಿದರು ಎಂಬ ದೂರು ಇನ್ನೂ ಹಳೆಯದು. ಹೈದರಾಬಾದಿನವರು ಅವರ ತಂಡಗಳಲ್ಲಿ ಹಲವರಿದ್ದರು, ಹೌದು. ಐದು ವರ್ಷ ಕೂಪರೇಜನ್ನು ಆಳಿದ ಊರಿನಿಂದ ಆಟಗಾರರು ಬರದೆ ಇನ್ನೆಲ್ಲಿಂದ ಬರಬೇಕಿತ್ತು? ಆದರೂ ಮೆಲ್ಬರ್ನಿನಲ್ಲಿ ಮಿಂಚಿದವರು ಯಾರು? ಆಸ್ಟ್ರೇಲಿಯಾ ವಿರುದ್ಧ ಮೂರು ಗೋಲು ಬಾರಿಸಿ, ಒಲಿಂಪಿಕ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಏಷ್ಯಾದವರಾದ ನೆವಿಲ್ ಡಿಸೋಜಾ. ಯುಗೊಸ್ಲಾವಿಯಾ ವಿರುದ್ಧದ ಆ ಮೊದಲ ಗೋಲೂ ಅವರದೇ. ಅವರು ಕೂಪರೇಜಿನ ಹುಡುಗ, ಬಾಂಬೆಯವರು. ಹಾಫ್ ಬ್ಯಾಕ್ ಸಾಲಿನಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು, 1960ರಲ್ಲಿ ರೋಮ್‌ಗೂ ಹೋದರು. ರೋಮ್‌ನಲ್ಲಿ ಭಾರತ ಫ್ರಾನ್ಸ್ ಜೊತೆ 1-1 ಸಮ ಮಾಡಿಕೊಂಡಿತು, ಹಂಗೆರಿಗೆ 2-1ರಿಂದಷ್ಟೇ ಸೋತಿತು. ಪಕ್ಷಪಾತಿಯ ತಂಡ ಹೀಗಿರುವುದಿಲ್ಲ.

ಜಕಾರ್ತದ ಕತೆಗೆ ಬಂದರೆ ವಾದ ಮಾಡುವವರ ದನಿ ತಗ್ಗುತ್ತದೆ. 1962ರ ಏಷ್ಯನ್ ಗೇಮ್ಸ್‌ಗೆ ಇಸ್ರೇಲ್ ಮತ್ತು ತೈವಾನ್‌ಗೆ ಪ್ರವೇಶ ಸಿಗಲಿಲ್ಲ. ಅದನ್ನು ಭಾರತದ ಜಿ. ಡಿ. ಸೋಂಧಿ ಆಕ್ಷೇಪಿಸಿದ್ದೇ ತಡ, ಊರಿಗೆ ಊರೇ ಭಾರತದ ಮೇಲೆ ತಿರುಗಿಬಿತ್ತು. ರಾಯಭಾರ ಕಚೇರಿಯ ಮೇಲೆ ದಾಳಿಯಾಯಿತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ 2-0ರಿಂದ ಸೋತಾಗಿತ್ತು. ಥಾಯ್ಲೆಂಡ್ ವಿರುದ್ಧ ಗೆದ್ದರೂ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಮಲಗಿದ್ದರು.

ರಹೀಂ ಏನು ಮಾಡಿದರು? ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಜರ್ನೈಲ್‌ರನ್ನು ಡಿಫೆನ್ಸ್‌ನಿಂದ ಎತ್ತಿ ಸೆಂಟರ್ ಫಾರ್ವರ್ಡ್ ಜಾಗದಲ್ಲಿ ನಿಲ್ಲಿಸಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ 3-2. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ದಕ್ಷಿಣ ಕೊರಿಯಾ. ಅಷ್ಟು ದಿನ ಹೊರಗಿದ್ದ ತಂಗರಾಜ್‌ರನ್ನು ಆ ದಿನ ಇಳಿಸಿದರು. ಸುಮಾರು ಲಕ್ಷ ಜನರ ಕೂಗಾಟದ ನಡುವೆ ಪಾಕಿಸ್ತಾನದ ಹಾಕಿ ಆಟಗಾರರು ಮಾತ್ರ ತಮ್ಮ ಪರ ಕೂಗಿದರು ಎಂದು ಆ ತಂಡದವರು ಆಮೇಲೆ ನೆನಪಿಸಿಕೊಳ್ಳುತ್ತಿದ್ದರು. ಭಾರತ 2-1ರಿಂದ ಗೆದ್ದಿತು. ಒಂದು ಗೋಲು ಪಿ. ಕೆ. ಬ್ಯಾನರ್ಜಿ ಅವರದು, ಇನ್ನೊಂದು ಜರ್ನೈಲ್ ಅವರದು. ಜರ್ನೈಲ್ ಪಂಜಾಬಿನ ಮಾಹಿಲ್‌ಪುರದ ಖಾಲ್ಸಾ ಕಾಲೇಜಿನಿಂದ ಬಂದವರು, ನಾಯಕ ಚುನಿ ಗೋಸ್ವಾಮಿ ಕಲ್ಕತ್ತೆಯವರು, ಬ್ಯಾಕ್ ಚಂದ್ರಶೇಖರನ್ ಕೇರಳದಲ್ಲಿ ಹುಟ್ಟಿ ಬಾಂಬೆಯ ಕ್ಯಾಲ್ಟೆಕ್ಸ್‌ಗೆ ಆಡುತ್ತಿದ್ದವರು, ಫಾರ್ಚುನಾಟೊ ಫ್ರಾಂಕೊ ಬಾಂಬೆಯಲ್ಲಿ ಬೆಳೆದ ಗೋವೆಯವರು. ಆ ಹೊತ್ತಿಗೆ ರಹೀಂ ಅವರ ಶ್ವಾಸಕೋಶವನ್ನು ಕ್ಯಾನ್ಸರ್ ತಿನ್ನುತ್ತಿತ್ತು. 1963ರ ಜೂನ್ 11ರಂದು ತೀರಿಕೊಂಡರು. ವಯಸ್ಸು 53. ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಭಾರತಕ್ಕೆ ಮತ್ತೆ ಚಿನ್ನ ಬಂದಿಲ್ಲ.

ಹೈದರಾಬಾದಿನ ಅಭಿಮಾನಿಗಳು ತಮ್ಮ ವಾದವನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ: ಅವರಿದ್ದರು, ಗೆದ್ದೆವು, ಹೋದರು, ಸೋತೆವು. ಇದು ರಹೀಂ ಅವರಿಗೆ ಸಲ್ಲುವ ಹೊಗಳಿಕೆಯಲ್ಲ. ಮೇಷ್ಟ್ರು ಸತ್ತ ದಿನವೇ ವಿದ್ಯೆಯೂ ಸತ್ತಿತು ಎಂದರೆ ಅವರು ಕಲಿಸಿದ್ದಾದರೂ ಏನು? ಕಲ್ಕತ್ತೆಯವರು ಇಲ್ಲಿ ಮುಂದಿಡಬಹುದಾದ ಹೆಸರೊಂದಿದೆ, ಮತ್ತು ಅದು ಅವರ ವಾದವನ್ನಲ್ಲ, ರಹೀಂ ಅವರನ್ನು ಗೆಲ್ಲಿಸುತ್ತದೆ. ಪಿ. ಕೆ. ಬ್ಯಾನರ್ಜಿ ಕೋಚ್ ಆದ ಮೇಲೆ ತಮ್ಮ ಗುರು ರಹೀಂ ಎಂದು ಹೇಳಿಕೊಳ್ಳುವುದನ್ನು ಬಿಡಲಿಲ್ಲ. 1997ರ ಫೆಡರೇಷನ್ ಕಪ್ ಸೆಮಿಫೈನಲ್‌ನಲ್ಲಿ ಅವರ ಈಸ್ಟ್ ಬೆಂಗಾಲ್, ಅಮಲ್ ದತ್ತಾ ಅವರ ಮೋಹನ್ ಬಾಗಾನ್ ತಂಡವನ್ನು 4-1ರಿಂದ ಸೋಲಿಸಿದಾಗ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಲಕ್ಷಕ್ಕೂ ಮಿಕ್ಕಿ ಜನ. ಅಂದು ಕಲ್ಕತ್ತೆ ಜಗಳವಾಡಿದ್ದು ಆಟಗಾರರ ಬಗ್ಗೆಯಷ್ಟೇ ಅಲ್ಲ, ಇಬ್ಬರು ಕೋಚ್‌ಗಳ ಬಗ್ಗೆ. ಅವರಲ್ಲೊಬ್ಬರು ರಹೀಂ ಅವರ ಶಿಷ್ಯ. ಗುರುಗಳ ಹೆಸರಿನ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದೇ 1985ರಲ್ಲಿ, ರಹೀಂ ಅವರಿಗೆ ಅದು ಸಿಗುವಂತೆಯೇ ಇರಲಿಲ್ಲ. ಫುಟ್‌ಬಾಲಿನಲ್ಲಿ ಅದನ್ನು ಮೊದಲು ಪಡೆದವರು 1990ರಲ್ಲಿ ಸೈಯದ್ ನಯೀಮುದ್ದೀನ್. ಅವರೂ ಹೈದರಾಬಾದಿನವರೇ.

ಮಗ ಸೈಯದ್ ಶಾಹಿದ್ ಹಕೀಂ ಕೂಡ ಇದೇ ದಾರಿ ಹಿಡಿದರು. 1960ರಲ್ಲಿ ರೋಮ್‌ಗೆ ಹೋದ ತಂಡದಲ್ಲಿದ್ದರು, ಆದರೆ ಅಂಗಳಕ್ಕಿಳಿಯುವ ಅವಕಾಶ ಸಿಗಲಿಲ್ಲ. ಕೋಚ್ ಅಪ್ಪನೇ ಆಗಿದ್ದರು ಎಂಬುದನ್ನು ಪಕ್ಷಪಾತದ ದೂರು ಹೇಳುವವರು ಗಮನಿಸಬೇಕು. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಹಕೀಂ ಅವರು ಪಿ. ಕೆ. ಬ್ಯಾನರ್ಜಿಯವರ ಸಹಾಯಕ ಕೋಚ್. 1998ರಲ್ಲಿ ಮುಂಬಯಿಯ ಮಹೀಂದ್ರಾ ತಂಡಕ್ಕೆ ಡ್ಯುರಾಂಡ್ ಕಪ್ ಗೆದ್ದುಕೊಟ್ಟರು, ಸೋತದ್ದು ಈಸ್ಟ್ ಬೆಂಗಾಲ್. ಅದಾಗಿ ಕೆಲವೇ ವರ್ಷಗಳಲ್ಲಿ ಕೂಪರೇಜಿನ ರೋವರ್ಸ್ ಕಪ್ ನಿಂತುಹೋಯಿತು. 2010ರಲ್ಲಿ ಮಹೀಂದ್ರಾ ತಂಡವನ್ನೂ ವಿಸರ್ಜಿಸಿದರು. ಹಕೀಂ 2021ರ ಆಗಸ್ಟ್‌ನಲ್ಲಿ ಕಲಬುರಗಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಪ್ಪನ ಕತೆಯ ಸಿನಿಮಾ ತೆರೆಗೆ ಬರಲು ಇನ್ನೂ ಮೂರು ವರ್ಷ ಬಾಕಿಯಿತ್ತು.