ಹಲಗಲಿಯ ಲಾವಣಿಕಾರ

ಹುನಗುಂದ ತಾಲೂಕಿನ ಐಹೊಳೆಯಲ್ಲಿ ಗುಡ್ಡವನ್ನೇರಿ ಮೇಗುತಿಯ ಗುಡಿಯನ್ನು ಕಂಡವರಿಗೆ ಅದರ ಗೋಡೆಯ ಶಾಸನವು ಅಪರಿಚಿತವಲ್ಲ. ಶಕ ೫೫೬ರಲ್ಲಿ, ಎಂದರೆ ಕ್ರಿ. ಶ. ೬೩೪ರ ಸುಮಾರಿಗೆ, ರವಿಕೀರ್ತಿಯೆಂಬ ಕವಿಯು ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಪ್ರೌಢವಾದ ಸಂಸ್ಕೃತ ವೃತ್ತಗಳಲ್ಲಿ ಬಣ್ಣಿಸಿ, ಕೊನೆಗೆ ತನ್ನ ಹೆಸರನ್ನೂ ಹೇಳಿಕೊಂಡು, ಕಾಳಿದಾಸ ಭಾರವಿಗಳ ಕೀರ್ತಿಗೆ ತನ್ನ ಕೀರ್ತಿಯನ್ನು ಸಮನಾಗಿಸಿ ನಿಲ್ಲಿಸಿದ್ದಾನೆ. ಇಂಗ್ಲಿಷರ ಆಳಿಕೆಯ ಕಾಲದಲ್ಲಿ ಈ ಶಾಸನವನ್ನು ಓದಿ ವಿದ್ವಾಂಸರ ಮುಂದಿಟ್ಟವರಲ್ಲಿ ಜಾನ್ ಫೇತ್‌ಫುಲ್ ಫ್ಲೀಟನು ಮುಖ್ಯನು. ಅದೇ ಫ್ಲೀಟನು ೧೮೮೫ರಿಂದ ಮುಂದೆ ಕೆಲವು ವರುಷ ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ ಅನುವಾದದೊಡನೆ ಅಚ್ಚು ಹಾಕಿಸಿದನು. ಅವುಗಳಲ್ಲಿ ಒಂದು ಹಲಗಲಿಯ ಬೇಡರ ದಂಗೆಯನ್ನು ಕುರಿತದ್ದು. ಅರಸನ ಆಸ್ಥಾನದ ಕವಿಯನ್ನು ಬಲ್ಲ ಸುಶಿಕ್ಷಿತ ಮನೆಗಳಲ್ಲಿಯೂ ಈ ದಪ್ಪಿನ ಕವಿಯನ್ನು ವಿಚಾರಿಸುವವರು ವಿರಳ. ಆದುದರಿಂದ ಆತನ ಕೃತಿಯನ್ನೂ ಆತನ ಕಸಬನ್ನೂ ಇಲ್ಲಿ ತುಸು ವಿಸ್ತಾರವಾಗಿ ನೋಡುವುದು ಯುಕ್ತವಾಗಿದೆ.

ಈ ಲಾವಣಿಕಾರನು ಹೆಸರಿನ ವಿಷಯದಲ್ಲಿ ರವಿಕೀರ್ತಿಗೆ ತೀರ ವಿರುದ್ಧನು. ಹಾಡಿನ ಕೊನೆಯಲ್ಲಿ ಆತನು ಕುರ್ತಕೋಟಿಯ ಕಲ್ಮೇಶನ ದಯೆಯನ್ನು ನೆನೆಯುತ್ತಾನೆ. ತನ್ನ ಮಾತಾಪಿತೃಗಳಿಟ್ಟ ಹೆಸರನ್ನು ಎತ್ತುವುದೇ ಇಲ್ಲ. ಕುರ್ತಕೋಟಿಯು ಗದಗು ತಾಲೂಕಿನ ಗ್ರಾಮ. ಕಲ್ಮೇಶ್ವರನು ಅಲ್ಲಿಯ ದೈವತ. ಹೀಗಾಗಿ ಜನರು ದೇವರ ಹೆಸರಿನಿಂದಲೇ ಕವಿಯನ್ನೂ ಕರೆದು, ‘ಕುರ್ತಕೋಟಿ ಕಲ್ಮೇಶ’ ಎಂದೇ ರೂಢಿಗೊಳಿಸಿದ್ದಾರೆ. ಇದನ್ನು ಅಜ್ಞಾತತ್ವವೆಂದು ಮರುಗುವುದು ಸರಿಯಲ್ಲ. ಹುನಗುಂದ ತಾಲೂಕಿನದೇ ಆದ ಕೂಡಲಸಂಗಮದ ದೇವನ ಹೆಸರಿನಲ್ಲಿ ಬಸವಣ್ಣನವರು ತಮ್ಮ ವಚನಗಳನ್ನು ಮುಗಿಸಿದರು. ಕನಕದಾಸರು ಕಾಗಿನೆಲೆಯ ಆದಿಕೇಶವನನ್ನು ಕರೆದರು. ಲಾವಣಿಕಾರನ ಕಾಲಕ್ಕೇ ಬಾಳಿದ ಶಿಶುನಾಳದ ಶರೀಫ ಸಾಹೇಬರು ತಮ್ಮ ಊರಿನ ಒಡೆಯನನ್ನು ಅಂಕಿತವಾಗಿಟ್ಟುಕೊಂಡರು. ಐಹೊಳೆಗೂ ಕೂಡಲಸಂಗಮಕ್ಕೂ ನಡುವೆ ಹೆಚ್ಚು ದೂರವಿಲ್ಲ. ಆದರೆ ಕವಿಯು ತನ್ನ ಹೆಸರನ್ನು ಎಲ್ಲಿಡಬೇಕೆಂಬ ಎರಡು ಬೇರೆ ಬೇರೆ ಸಂಪ್ರದಾಯಗಳು ಆ ಎರಡು ಸ್ಥಳಗಳಲ್ಲಿ ನಿಂತಿವೆ. ನಾಡ ಹಾಡುಗಾರರೆಲ್ಲರೂ ಎರಡನೆಯದನ್ನು ಹಿಡಿದರು.

ಲಾವಣಿಕಾರನ ಕಸಬು ಹೇಗಿತ್ತೆಂಬುದನ್ನು ತಿಳಿಯದೆ ಆತನ ಕೃತಿಯ ಬೆಲೆ ತಿಳಿಯದು. ಈತನು ಹಗಲಿನಲ್ಲಿ ಬೇರೊಂದು ಕಾಯಕದಿಂದ ಹೊಟ್ಟೆ ಹೊರೆಯುವವನು. ಜಾತ್ರೆಯಲ್ಲಿ, ಹಬ್ಬದಲ್ಲಿ, ಸುಗ್ಗಿ ಮುಗಿದ ಇರುಳುಗಳಲ್ಲಿ ಕವಿಯಾಗುವವನು. ಮುಂದೆ ನಿಂತವನ ಕೈಯಲ್ಲಿ ದಪ್ಪು, ಹಿಂದಿನವರ ಕೈಯಲ್ಲಿ ತುಂತುಣಿ ಮತ್ತು ತಾಳ. ಮುಂದಿನವನು ನುಡಿಯನ್ನು ಎತ್ತಿಕೊಟ್ಟರೆ ಹಿಂದಿನವರು ಪಲ್ಲವಿಯನ್ನು ಹಿಡಿದು ಎಳೆಯುವರು. ಮೇಳಗಳಲ್ಲಿ ಹರದೇಶಿ ನಾಗೇಶಿ ಎಂದು ಎರಡು ಪಂಗಡಗಳು: ಹರದೇಶಿಯವರು ಶಿವನ ಪಕ್ಷ, ನಾಗೇಶಿಯವರು ಶಕ್ತಿಯ ಪಕ್ಷ. ಒಂದು ಮೇಳವು ಪುರಾಣದ ತೊಡಕೊಂದನ್ನು ಹಾಡಿನಲ್ಲಿಯೇ ಒಡ್ಡುವುದು, ಇನ್ನೊಂದು ಹಾಡಿನಲ್ಲಿಯೇ ಬಿಡಿಸುವುದು. ಬೆಳಗಾಗುವವರೆಗೆ ವಾದವು ನಡೆಯುವುದು. ಪಾಠಶಾಲೆಯ ವಾಕ್ಯಾರ್ಥ ಸಭೆಯಲ್ಲಿ ಪೂರ್ವಪಕ್ಷ ಸಿದ್ಧಾಂತಗಳನ್ನು ಕೇಳಿದವರಿಗೆ ಇದೇನೂ ಹೊಸತಾಗಿ ತೋರದು. ವ್ಯತ್ಯಾಸವೆಂದರೆ ಅಲ್ಲಿ ಸೋತವನನ್ನು ಪಂಡಿತರು ನಗುವರು. ಇಲ್ಲಿ ಸೋತವನನ್ನು ಊರೇ ನಗುವುದು.

ಇಂತಹ ಕಸಬಿನಲ್ಲಿ ಛಂದಸ್ಸು ಅಲಂಕಾರವಲ್ಲ, ಉಪಕರಣ. ಹಳಗನ್ನಡದ ಕವಿಗಳು ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನು ಇಟ್ಟರು. ಲಾವಣಿಕಾರನು ಅದನ್ನು ಪಾದದ ಕೊನೆಗೆ ತಂದನು. ಏಕೆಂದರೆ ಹಿಂದಿನವರು ನುಡಿಯನ್ನು ಹಿಡಿಯಬೇಕಾದದ್ದು ಕೊನೆಯಲ್ಲಿ; ಕೇಳುವವನ ನೆನಪಿನಲ್ಲಿ ನಿಲ್ಲಬೇಕಾದದ್ದೂ ಅಲ್ಲಿಯೇ. ಹಲಗಲಿಯ ಲಾವಣಿಯಲ್ಲಿ ಒಂದು ಪ್ರಾಸವನ್ನು ಹಿಡಿದರೆ ಅದು ಸಾಲುಸಾಲಾಗಿ ಬಡಿಯುತ್ತ ಹೋಗುವುದು. ಅಕ್ಷರ ಬಾರದ ಮುದುಕನೊಬ್ಬನು ನೂರು ನುಡಿಗಳ ಹಾಡನ್ನು ತಪ್ಪದೆ ಒಪ್ಪಿಸುವ ಬಗೆ ಇದರಿಂದಲೇ ಸಾಧ್ಯವಾಯಿತು.

ಇನ್ನು ಹಾಡಿನ ವಸ್ತು. ಹಲಗಲಿಯು ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಗ್ರಾಮ. ಆಗ ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿದ್ದಿತು. ೧೮೫೭ರಲ್ಲಿ ಉತ್ತರ ಹಿಂದುಸ್ತಾನದಲ್ಲಿ ಸಿಪಾಯಿಗಳ ದಂಗೆ ಎದ್ದ ಮೇಲೆ ಕುಂಪಣಿ ಸರಕಾರವು ಪ್ರಜೆಗಳ ಕೈಯಲ್ಲಿ ಆಯುಧಗಳಿರುವುದನ್ನು ಕಂಡು ಅಂಜಿತು. ಆ ವರುಷದ ಸಪ್ಟೆಂಬರದಲ್ಲಿ ಆಯುಧಗಳ ಕಾನೂನು ಹುಟ್ಟಿತು. ಅಪ್ಪಣೆಯಿಲ್ಲದೆ ಹತಾರ ಇಟ್ಟುಕೊಳ್ಳಲಾಗದೆಂಬ ಕಟ್ಟಳೆ ಹಳ್ಳಿಹಳ್ಳಿಗೂ ಬಂದಿತು. ಒಕ್ಕಲಿಗನಿಗೆ ಇದು ಒಂದು ಕಿರುಕುಳ; ಬೇಟೆಯನ್ನೂ ಕಾವಲನ್ನೂ ಕುಲವೃತ್ತಿಯಾಗಿ ಉಳ್ಳ ಬೇಡರಿಗೆ ಅನ್ನವನ್ನೂ ಮಾನವನ್ನೂ ಒಟ್ಟಿಗೆ ಕಳೆಯುವ ಮಾತು. ಹಲಗಲಿಯ ಬೇಡರು ಹತಾರ ಒಪ್ಪಿಸಲಿಲ್ಲ. ನವೆಂಬರದ ಕೊನೆಯಲ್ಲಿ ಇಂಗ್ಲಿಷರ ದಂಡು ಊರನ್ನು ಮುತ್ತಿ, ಕಾದಾಡಿ, ಬೆಂಕಿ ಹಚ್ಚಿತು. ಸೆರೆಸಿಕ್ಕವರಲ್ಲಿ ೧೯ ಜನರನ್ನು ಡಿಸೆಂಬರದಲ್ಲಿ ಗಲ್ಲಿಗೇರಿಸಿದರು. ಮರುವರುಷ ನರಗುಂದದಲ್ಲಿ ಬಾಬಾಸಾಹೇಬನೂ ಮುಂಡರಗಿಯ ಭೀಮರಾಯನೂ ಎದ್ದರು. ಅವರ ಕಥೆ ದೊಡ್ಡದಾದುದರಿಂದ ಹಲಗಲಿಯದು ಇತಿಹಾಸದ ಪುಸ್ತಕಗಳಲ್ಲಿ ಬಹುಕಾಲ ಒಂದೆರಡು ವಾಕ್ಯಗಳಿಗೆ ಇಳಿಯಿತು.

ಲಾವಣಿಕಾರನು ಹೇಳುವ ಕಥೆಯ ಅಸ್ಥಿಪಂಜರವೂ ಇದೇ. ಆದರೆ ಸರಕಾರದ ಬರವಣಿಗೆಯಲ್ಲಿ ‘ಬೇಡರು’ ಎಂಬ ಒಂದು ಬಹುವಚನವಿದ್ದ ಸ್ಥಳದಲ್ಲಿ ಈತನು ಹಣಮ, ಬಾಲ, ಜಡಗ, ರಾಮ ಎಂದು ನಾಲ್ವರನ್ನು ಹೆಸರು ಹಿಡಿದು ನಿಲ್ಲಿಸುತ್ತಾನೆ. ಅವರು ಕೂಡಿ ಮಸಲತ್ತು ಮಾಡುವುದನ್ನೂ, ಹತಾರ ಹೋದರೆ ಜೀವ ಹೋದಂತೆಯೇ ಎಂದು ನಿಶ್ಚಯಿಸುವುದನ್ನೂ ಕೇಳಿಸುತ್ತಾನೆ. ಹುಕುಂ ತಂದ ಕಾರಕೂನನ ಕಪಾಳಕ್ಕೆ ಏಟು ಬೀಳುತ್ತದೆ. ಸಾಹೇಬರ ಹೆಸರುಗಳು ಹಳ್ಳಿಯ ನಾಲಗೆಯಲ್ಲಿ ಹೊರಳಿ ಬೇರೆಯ ರೂಪ ತಳೆದು ಬರುತ್ತವೆ. ಸಂಧಾನದ ಮಾತು ಬಂದಾಗ ಬೇಡರು ನಂಬುವುದಿಲ್ಲ. ಮೊದಲು ಮೋಸವಾಗಿದೆ, ಮತ್ತೆ ನಂಬುವುದೆಂತು ಎನ್ನುತ್ತಾರೆ.

ಹತಾರ ಕಸಿಯುವ ಅಪ್ಪಣೆ ವಿಲಾಯಿತಿಯಿಂದ ಬಂದಿತೆಂದು ಲಾವಣಿ ಹೇಳುತ್ತದೆ. ವಸ್ತುತಃ ಆ ಕಾನೂನು ಆದದ್ದು ಕಲಕತ್ತೆಯಲ್ಲಿ. ಇಷ್ಟರಿಂದ ಲಾವಣಿಕಾರನನ್ನು ಅಲ್ಲಗಳೆಯುವ ಇತಿಹಾಸಜ್ಞನು ತನ್ನ ಶಾಸ್ತ್ರವನ್ನು ಅರ್ಧವೇ ಕಲಿತಂತಾಯಿತು. ಕಾನೂನಿನ ಕಾಗದದಲ್ಲಿ ಯಾವ ಪಟ್ಟಣದ ಮೊಹರಿದ್ದಿತೆಂಬುದಕ್ಕೆ ಕಾಗದವೇ ಸಾಕ್ಷಿ. ಆ ಅಪ್ಪಣೆ ಎಷ್ಟು ದೂರದಿಂದ, ಎಷ್ಟು ಅಪರಿಚಿತವಾದ ಬಾಯಿಂದ ಬಂದಂತೆ ಹಳ್ಳಿಗೆ ತೋರಿತೆಂಬುದಕ್ಕೆ ಲಾವಣಿಯೊಂದೇ ಸಾಕ್ಷಿ. ಕಲಕತ್ತೆಯೂ ವಿಲಾಯಿತಿಯೂ ಹಲಗಲಿಯ ಅಗಸೆಯಿಂದ ಒಂದೇ ದೂರದಲ್ಲಿದ್ದವು.

ಲಾವಣಿಯ ಮುಖ್ಯ ಸ್ಥಾನವು ಯುದ್ಧದ ವರ್ಣನೆಯಲ್ಲ. ಅದರ ನಂತರದ ಲೂಟಿಯ ವರ್ಣನೆ. ಸಂಸ್ಕೃತದ ಚರಿತಕಾವ್ಯಗಳಲ್ಲಿ ಶತ್ರುನಗರವು ಸುಡುವಾಗ ಕವಿಯು ಜ್ವಾಲೆಗೆ ಉಪಮಾನಗಳನ್ನು ಹುಡುಕುತ್ತಾನೆ. ಹೊಗೆಯು ದಿಗಂಗನೆಯರ ಕುರುಳಾಗುವುದು. ಈ ಕವಿಯು ಒಂದು ಉಪಮಾನವನ್ನೂ ಹುಡುಕದೆ, ದಂಡಿನವರು ಹೊತ್ತು ಹೋದ ಪದಾರ್ಥಗಳನ್ನು ಒಂದೊಂದಾಗಿ ಎಣಿಸುತ್ತಾನೆ: ಕೊಡಲಿ ಮೊದಲಾದ ಕಬ್ಬಿಣದ ಸಾಮಾನು, ಹಾಲು, ಮೊಸರು, ಬೆಣ್ಣೆ, ಉಪ್ಪು, ಅರಿಸಿನ, ಜೀರಿಗೆ, ಬೆಲ್ಲ, ಉಣ್ಣುವ ಗಂಗಾಳ, ಚರಿಗೆ, ಹೆಂಗಸರ ಕೊರಳಿನ ಮಂಗಳಸೂತ್ರ, ಅಡಿಗೆಮನೆಯ ಬೀಸುವ ಕಲ್ಲನ್ನು ಸಹ ಬಿಡಲಿಲ್ಲ. ಹತಾರ ತೆಗೆದುಕೊಳ್ಳಲು ಬಂದವರು ಜೀರಿಗೆಯನ್ನೇಕೆ ತೆಗೆದುಕೊಂಡರೆಂದು ಕವಿಯು ಕೇಳುವುದಿಲ್ಲ. ಯಾದಿಯನ್ನಷ್ಟೇ ಓದುತ್ತಾನೆ. ಪ್ರತಿಯೊಂದು ಪದಾರ್ಥದ ಹಿಂದೆ ಒಂದೊಂದು ಮನೆ, ಪ್ರತಿಯೊಂದು ಮನೆಯಲ್ಲಿ ಒಬ್ಬ ಗೃಹಿಣಿ. ಕರುಣರಸಕ್ಕೆ ವಿಭಾವಗಳನ್ನು ಪಟ್ಟಿ ಮಾಡಿದ ಆಲಂಕಾರಿಕರು ಬೀಸುವ ಕಲ್ಲನ್ನು ಎಲ್ಲಿಯೂ ಹೇಳಿಲ್ಲ. ಆದರೂ ಇದು ಕರುಣವಲ್ಲವೆಂದು ಹೇಳುವ ಧೈರ್ಯ ಯಾವ ಸಹೃದಯನಿಗೂ ಬಾರದು.

ಕೊನೆಯಲ್ಲಿ ಊರು ಗುರುತು ಸಿಗದಂತೆ ಬೂದಿಯಾಯಿತೆಂದೂ, ಕಂಡಷ್ಟನ್ನು ವರ್ಣಿಸಿ ಹೇಳಿದೆನೆಂದೂ ಹಾಡು ಮುಗಿಯುತ್ತದೆ. ಕಂಡಷ್ಟನ್ನೇ ಎಂಬ ಈ ಮಿತಿಯ ಮಾತು ಗಮನಿಸತಕ್ಕದ್ದು. ಬೇಡರು ಗೆದ್ದರೆಂದು ಆತನು ಸುಳ್ಳು ಹೇಳಲಿಲ್ಲ. ಅವರನ್ನು ದೇವಾಂಶಸಂಭೂತರನ್ನಾಗಿ ಮಾಡಲಿಲ್ಲ. ಸೋತವರ ಪಕ್ಷದಲ್ಲಿ ನಿಂತು, ಸೋಲನ್ನು ಸೋಲೆಂದೇ ಹೇಳಿದ ಕವಿಗಳು ಯಾವ ಭಾಷೆಯಲ್ಲಿಯೂ ಹೆಚ್ಚಿಲ್ಲ. ಪುಲಕೇಶಿಯು ಹರ್ಷನನ್ನು ಸೋಲಿಸಿದುದನ್ನು ಹಾಡುವುದಕ್ಕೆ ರವಿಕೀರ್ತಿಗೆ ಅರಸನ ಆಶ್ರಯವಿದ್ದಿತು. ಹಲಗಲಿಯನ್ನು ಹಾಡಿದವನಿಗೆ ಯಾವ ಆಶ್ರಯವಿದ್ದಿತು? ಕುಂಪಣಿಯ ಸರಕಾರವು ೧೮೫೮ರಲ್ಲಿ ರಾಣಿಯ ಸರಕಾರವಾಯಿತಾದರೂ ಗಲ್ಲಿಗೇರಿಸಿದ ಕೈ ಬದಲಾಗಿರಲಿಲ್ಲ. ಅಂತಹ ದಿನಗಳಲ್ಲಿ ಕಲ್ಮೇಶನ ಹೆಸರು ಭಕ್ತಿಯ ಅಂಕಿತವಷ್ಟೇ ಆಗಿರದೆ ಒಂದು ಮರೆಯೂ ಆಗಿದ್ದಿರಬಹುದು.

ಇಷ್ಟಾಗಿಯೂ ಈ ಹಾಡನ್ನು ಅಚ್ಚಿಗೆ ತಂದವನು ಆ ಸರಕಾರದ ಸೇವಕನೇ ಎಂಬುದು ವಿಚಿತ್ರ. ಮುಂಬಯಿ ಇಲಾಖೆಯ ಅಧಿಕಾರಿಯಾಗಿ ಕನ್ನಡ ಜಿಲ್ಲೆಗಳನ್ನು ಸುತ್ತಿದ ಫ್ಲೀಟನು ಶಾಸನಗಳಿಗಾಗಿ ಗುಡಿಗಳನ್ನು ಹೊಕ್ಕಂತೆಯೇ ಹಾಡುಗಳಿಗಾಗಿ ಹಾಡುಗಾರರನ್ನು ವಿಚಾರಿಸಿದನು. ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿಯೂ, ಬೈಲಹೊಂಗಲದ ಸಂಗ್ಯಾನ ಕೊಲೆಯ ಲಾವಣಿಯೂ ಆತನ ಸಂಗ್ರಹದಿಂದಲೇ ಮೊದಲು ವಿದ್ವಜ್ಜನರ ಕಣ್ಣಿಗೆ ಬಿದ್ದವು. ದಂಗೆ ಅಡಗಿ ಮೂವತ್ತು ವರುಷಗಳೊಳಗಾಗಿ ಆ ದಂಗೆಯ ಹಾಡನ್ನು, ಅದೂ ಸರಕಾರದ ಲೂಟಿಯ ಯಾದಿಯನ್ನು ಬಿಡದೆ, ಮುದ್ರಿಸಿದ ಆತನ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಕನ್ನಡಿಗರು ಈ ಕೆಲಸಕ್ಕೆ ಕೈಯಿಟ್ಟದ್ದು ತಡವಾಗಿ: ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ತ್ರಿಪದಿಗಳ ಸಂಗ್ರಹವನ್ನೂ ಅದರ ಬೆನ್ನಿಗೆ ಲಾವಣಿಗಳ ಸಂಗ್ರಹವನ್ನೂ ಹೊರತಂದಾಗ. ಅಲ್ಲಿಯವರೆಗೆ ಪಂಡಿತರು ಲಾವಣಿಯನ್ನು ಕಾವ್ಯವೆಂದು ಎಣಿಸಿರಲಿಲ್ಲ. ಕಾವೇರಿಯಿಂದ ಗೋದಾವರಿಯವರೆಗಿನ ಜನರು ಓದು ಬರಹವಿಲ್ಲದೆಯೂ ಕಾವ್ಯದಲ್ಲಿ ಪರಿಣತರೆಂದು ಒಂಬತ್ತನೆಯ ಶತಮಾನದಲ್ಲಿಯೇ ‘ಕವಿರಾಜಮಾರ್ಗ’ವು ಹೇಳಿದುದನ್ನು ಕಂಠಪಾಠ ಮಾಡಿ, ಆ ಜನರನ್ನು ಮಾತ್ರ ಕೇಳದೆ ಬಿಟ್ಟಿದ್ದರು.

ಮುಂದೆ ಕರ್ನಾಟಕ ಸರಕಾರದ ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಈ ಲಾವಣಿಗೆ ಸ್ಥಾನ ದೊರೆಯಿತು. ಮೈಸೂರು ಸೀಮೆಯ ಮಕ್ಕಳೂ ಕರಾವಳಿಯ ಮಕ್ಕಳೂ ಹಣಮ ಜಡಗರ ಹೆಸರನ್ನು ಕಲಿತರು. ಹತಾರ, ಮಸಲತ್ತು, ಕಾರಕೂನ ಎಂಬ ಮಾತುಗಳನ್ನು ಅವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಹುನಗುಂದ, ಮುಧೋಳ, ಬಾದಾಮಿಗಳ ಮಕ್ಕಳಿಗೆ ಮಸಲತ್ತೆಂದರೇನೆಂದು ಅಜ್ಜನೇ ಹೇಳುತ್ತಾನೆ. ಬೀಸುವ ಕಲ್ಲು ಕೆಲವರ ಹಿತ್ತಿಲಿನಲ್ಲಿ ಈಗಲೂ ಬಿದ್ದಿದೆ.