ಪ್ರೊಸೆಸರ್ ಬಾಟಲ್‌ನೆಕ್: ಗೇಮಿಂಗ್ ಪಿಸಿಯಲ್ಲಿ ಪತ್ತೆ ಮತ್ತು ಪರಿಹಾರ

ಪ್ರೊಸೆಸರ್ ತನ್ನ ಪಾಲಿನ ಕೆಲಸ ಮುಗಿಸುವವರೆಗೆ ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಕಾಯಬೇಕಾಗಿ ಬಂದು, ಆಟದ ಫ್ರೇಮ್ ದರ ಕುಗ್ಗುವ ಸ್ಥಿತಿಗೆ ಪ್ರೊಸೆಸರ್ ಬಾಟಲ್‌ನೆಕ್ ಎನ್ನುತ್ತಾರೆ. ಇದು ಯಾವುದೇ ಪ್ರೊಸೆಸರಿಗೆ ಅಂಟಿಕೊಂಡ ಶಾಶ್ವತ ಗುಣವಲ್ಲ. ಆಟ, ಅದರೊಳಗಿನ ದೃಶ್ಯ, ರೆಸಲ್ಯೂಷನ್, ಜೊತೆಗಿರುವ ಕಾರ್ಡ್ ಬದಲಾದಂತೆ ಇದೂ ಬದಲಾಗುತ್ತದೆ. ಒಂದೇ ಆಟದಲ್ಲಿ ಖಾಲಿ ಬಯಲಿನಲ್ಲಿ ಕಾರ್ಡ್ ಮಿತಿಯಾಗಿದ್ದರೆ, ಜನಜಂಗುಳಿಯ ಪೇಟೆಗೆ ಬಂದೊಡನೆ ಪ್ರೊಸೆಸರ್ ಮಿತಿಯಾಗಬಹುದು. ಆದ್ದರಿಂದ ಎರಡು ಭಾಗಗಳ ಹೆಸರು ಕೊಟ್ಟರೆ ಬಾಟಲ್‌ನೆಕ್ ಶೇಕಡಾ ಇಷ್ಟೆಂದು ಹೇಳುವ ಲೆಕ್ಕಗಳನ್ನು ನಂಬಿ ಹಣ ಸುರಿಯಬಾರದು. ತನ್ನದೇ ಯಂತ್ರದಲ್ಲಿ, ತಾನು ಆಡುವ ಆಟದಲ್ಲಿ ಅಳೆದು ನೋಡುವುದೊಂದೇ ಸರಿಯಾದ ದಾರಿ.

ಕಾರಣ

ಪ್ರತಿ ಫ್ರೇಮಿಗೂ ಪ್ರೊಸೆಸರ್ ಆಟಗಾರನ ಕೀಲಿ ಒತ್ತನ್ನು ಓದುತ್ತದೆ, ಪಾತ್ರಗಳ ನಡೆಯನ್ನೂ ವಸ್ತುಗಳ ಚಲನೆಯನ್ನೂ ಲೆಕ್ಕ ಹಾಕುತ್ತದೆ, ಕಣ್ಣಿಗೆ ಬೀಳುವ ವಸ್ತುಗಳನ್ನು ಆರಿಸಿ ಅವನ್ನು ಬಿಡಿಸುವ ಆದೇಶಗಳಾದ ‘ಡ್ರಾ ಕಾಲ್’ಗಳನ್ನು ಡ್ರೈವರ್ ಮೂಲಕ ಕಾರ್ಡಿಗೆ ಕಳಿಸುತ್ತದೆ. ಕಾರ್ಡ್ ಚಿತ್ರ ಬಿಡಿಸುತ್ತಿರುವಾಗಲೇ ಪ್ರೊಸೆಸರ್ ಮುಂದಿನ ಫ್ರೇಮಿನ ಸಿದ್ಧತೆಯಲ್ಲಿರುತ್ತದೆ. ಹಾಗಾಗಿ ಎರಡರಲ್ಲಿ ನಿಧಾನವಾದುದರ ಸಮಯವೇ ಫ್ರೇಮಿನ ಸಮಯ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಪ್ರತಿಯೊಂದಕ್ಕೂ ಸಿಗುವುದು 16.7 ಮಿಲಿಸೆಕೆಂಡ್, 144 ಬೇಕಾದರೆ ಸುಮಾರು 6.9. ಪ್ರೊಸೆಸರಿಗೆ 12, ಕಾರ್ಡಿಗೆ 7 ಮಿಲಿಸೆಕೆಂಡ್ ಹಿಡಿಯುವ ಯಂತ್ರ 83 ಫ್ರೇಮಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದಕ್ಕೆ ಎರಡು ಪಟ್ಟು ವೇಗದ ಕಾರ್ಡ್ ಹಾಕಿದರೂ ಈ ಸಂಖ್ಯೆ ಏರುವುದಿಲ್ಲ.

ಕೋರ್‌ಗಳು ಹೆಚ್ಚಿದ್ದರೆ ಸಾಕೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಕೆಲಸದಲ್ಲಿ ಹಂಚಲಾಗದ ಭಾಗವೇ ಒಟ್ಟು ವೇಗಕ್ಕೆ ಮಿತಿಯಾಗುತ್ತದೆ ಎಂದು ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್‌ಡಾಲ್ 1967ರಲ್ಲೇ ತೋರಿಸಿದ್ದರು. ಆಟಗಳಲ್ಲಿ ಆ ಭಾಗ ಬಹುಮಟ್ಟಿಗೆ ‘ಮೇನ್ ಥ್ರೆಡ್’ ಎಂಬ ಒಂದೇ ಕೆಲಸದ ಸಾಲಿನಲ್ಲಿರುತ್ತದೆ. ಹಿಂದೆ ಡ್ರಾ ಕಾಲ್‌ಗಳ ಹೊರೆಯೂ ಹೆಚ್ಚಾಗಿ ಒಂದೇ ಥ್ರೆಡ್ ಮೇಲೆ ಬೀಳುತ್ತಿತ್ತು. 2015ರಲ್ಲಿ ಬಂದ ಡೈರೆಕ್ಟ್‌ಎಕ್ಸ್ 12 ಮತ್ತು 2016ರ ವಲ್ಕನ್ ಅದನ್ನು ಹಲವು ಕೋರ್‌ಗಳಿಗೆ ಹಂಚಲು ದಾರಿ ಮಾಡಿಕೊಟ್ಟವು. ಆದರೂ ಆಟದ ತರ್ಕವನ್ನು ಹಂಚುವ ಹೊಣೆ ಆಟ ಬರೆದವರದೇ.

ಮೆಮೊರಿಯಿಂದ ದತ್ತಾಂಶ ಬರುವುದನ್ನು ಕಾಯುವುದೂ ಪ್ರೊಸೆಸರಿನ ಸಮಯ ತಿನ್ನುತ್ತದೆ. 2022ರಲ್ಲಿ ಎಎಂಡಿ ತಂದ ರೈಜನ್ 7 5800ಎಕ್ಸ್3ಡಿ ಇದಕ್ಕೆ ಒಳ್ಳೆಯ ನಿದರ್ಶನ. 5800ಎಕ್ಸ್‌ಗಿಂತ ಗಡಿಯಾರದ ವೇಗ ಕಡಿಮೆಯಿದ್ದರೂ, ದತ್ತಾಂಶವನ್ನು ಪ್ರೊಸೆಸರಿನೊಳಗೇ ಇಟ್ಟುಕೊಳ್ಳುವ ಎಲ್3 ಕ್ಯಾಶ್ 32ರಿಂದ 96 ಮೆಗಾಬೈಟಿಗೆ ಏರಿದ್ದರಿಂದ ಅದು ಅನೇಕ ಆಟಗಳಲ್ಲಿ ಮುಂದೆ ಹೋಯಿತು.

ಪತ್ತೆ ಮಾಡುವ ಕ್ರಮ

ಮೊದಲು ಫ್ರೇಮ್ ದರವನ್ನು ಪರದೆಯ ದರಕ್ಕೆ ಕಟ್ಟುವ ವಿ-ಸಿಂಕ್ ಮತ್ತು ಫ್ರೇಮ್ ಮಿತಿಗಳನ್ನು ಆಟದಲ್ಲೂ ಡ್ರೈವರಿನಲ್ಲೂ ತೆಗೆಯಬೇಕು. ಮಿತಿ ಇದ್ದರೆ ಪ್ರೊಸೆಸರ್, ಕಾರ್ಡ್ ಎರಡೂ ಬಿಡುವಾಗಿರುವಂತೆ ಕಾಣುತ್ತವೆ.

ನಂತರ ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಸಾಧನದಿಂದ ಕಾರ್ಡಿನ ಬಳಕೆಯನ್ನು ಗಮನಿಸಬೇಕು. ಅದು ಶೇ. 95ಕ್ಕಿಂತ ಮೇಲೆಯೇ ಇದ್ದರೆ ಮಿತಿ ಸಾಮಾನ್ಯವಾಗಿ ಕಾರ್ಡಿನದು. ಶೇ. 60-70ಕ್ಕೆ ಇಳಿದು ಫ್ರೇಮ್ ದರವೂ ಕುಸಿದಿದ್ದರೆ ಪ್ರೊಸೆಸರಿನತ್ತ ನೋಡಬೇಕು. ಇಲ್ಲಿ ಟಾಸ್ಕ್ ಮ್ಯಾನೇಜರ್ ತೋರಿಸುವ ಒಟ್ಟು ಶೇಕಡಾವನ್ನು ನೆಚ್ಚಿಕೊಳ್ಳಬಾರದು. 16 ಥ್ರೆಡ್‌ಗಳ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಪೂರ್ತಿ ದುಡಿಯುತ್ತಿದ್ದರೂ ಒಟ್ಟು ಬಳಕೆ ಸುಮಾರು ಶೇ. 6 ಮಾತ್ರ. ವಿಂಡೋಸ್ ಆ ಥ್ರೆಡ್ಡನ್ನು ಒಂದು ಕೋರಿನಿಂದ ಇನ್ನೊಂದಕ್ಕೆ ಸರಿಸುತ್ತಿರುವುದರಿಂದ ಪ್ರತ್ಯೇಕ ಕೋರ್‌ಗಳ ನಕ್ಷೆಯಲ್ಲೂ ಹೊರೆ ಮರೆಯಾಗಬಹುದು.

ಎಲ್ಲಕ್ಕಿಂತ ಸರಳವಾದದ್ದು ರೆಸಲ್ಯೂಷನ್ ಪರೀಕ್ಷೆ. ಒಂದೇ ದೃಶ್ಯದಲ್ಲಿ ನಿಂತು 1920×1080ರಿಂದ 1280×720ಕ್ಕೆ ಇಳಿದರೆ ಪಿಕ್ಸೆಲ್‌ಗಳು 20.7 ಲಕ್ಷದಿಂದ 9.2 ಲಕ್ಷಕ್ಕೆ ಬರುತ್ತವೆ. ಕಾರ್ಡಿನ ಹೊರೆ ಇಷ್ಟು ತಗ್ಗಿದರೂ ಫ್ರೇಮ್ ದರ ಕದಲದಿದ್ದರೆ ತಡೆ ಪ್ರೊಸೆಸರಿನ ಕಡೆಯದು. ಈ ಪರೀಕ್ಷೆಯಲ್ಲಿ ಬೇರೆ ಯಾವ ಸೆಟ್ಟಿಂಗನ್ನೂ ಮುಟ್ಟಬಾರದು. ನೋಟದ ದೂರ, ಜನಸಂದಣಿ, ರೇ ಟ್ರೇಸಿಂಗ್ ಇವು ಪ್ರೊಸೆಸರಿನ ಹೊರೆಯನ್ನೂ ಬದಲಿಸುತ್ತವೆ.

ಸರಾಸರಿ ಫ್ರೇಮ್ ದರ ನಡುನಡುವಿನ ಮುಗ್ಗರಿಕೆಯನ್ನು ಮುಚ್ಚಿಹಾಕುತ್ತದೆ. ಪ್ರತಿ ಫ್ರೇಮಿನ ಸಮಯವನ್ನೇ ಅಳೆಯುವ ರೂಢಿಯನ್ನು 2011ರಲ್ಲಿ ಯಂತ್ರಾಂಶ ವಿಮರ್ಶಕ ಸ್ಕಾಟ್ ವಾಸನ್ ಅವರ ಬರಹ ಮುನ್ನೆಲೆಗೆ ತಂದಿತು. ಇಂಟೆಲ್‌ನ ಪ್ರೆಸೆಂಟ್‌ಮಾನ್ ಸಾಧನಕ್ಕೆ 2023ರಲ್ಲಿ ಸೇರಿದ ‘ಜಿಪಿಯು ಬ್ಯುಸಿ’ ಅಳತೆ, ಫ್ರೇಮಿನಲ್ಲಿ ಕಾರ್ಡ್ ನಿಜವಾಗಿ ದುಡಿದ ಸಮಯವನ್ನು ತಿಳಿಸುತ್ತದೆ. ಫ್ರೇಮ್ ಸಮಯಕ್ಕಿಂತ ಅದು ಬಹಳ ಕಡಿಮೆಯಿದ್ದರೆ ಉಳಿದದ್ದು ಕಾರ್ಡ್ ಕಾದು ಕಳೆದ ಹೊತ್ತು.

ಒಂದು ನಿದರ್ಶನ

ಫ್ರಾನ್ಸಿನ ಅಸೋಬೊ ಸ್ಟುಡಿಯೊ ರೂಪಿಸಿದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರಲ್ಲಿ ಬಿಡುಗಡೆಯಾದಾಗ ಡೈರೆಕ್ಟ್‌ಎಕ್ಸ್ 11ರ ಮೇಲೆ ನಡೆಯುತ್ತಿತ್ತು. ಇದರ ಡೆವಲಪರ್ ಮೋಡ್‌ನ ಫ್ರೇಮ್ ಫಲಕ ‘ಲಿಮಿಟೆಡ್ ಬೈ ಮೇನ್‌ಥ್ರೆಡ್’ ಎಂದು ತಡೆಯ ಜಾಗವನ್ನೇ ಹೆಸರಿಸುತ್ತದೆ. ದೊಡ್ಡ ವಿಮಾನ ನಿಲ್ದಾಣದಲ್ಲಿ ಸಂಕೀರ್ಣ ಪ್ರಯಾಣಿಕ ವಿಮಾನದೊಳಗೆ ಕುಳಿತಾಗ ಈ ಸೂಚನೆ ಬರುವುದು ಸಾಮಾನ್ಯ. ಸುತ್ತಲಿನ ವಿಮಾನ ಸಂಚಾರ, ಕಾಕ್‌ಪಿಟ್ ಪರದೆಗಳು, ಭೂದೃಶ್ಯದ ವಿವರ ಎಲ್ಲಕ್ಕೂ ಪ್ರೊಸೆಸರಿನ ಸಮಯ ಬೇಕು. ಅಂಥಲ್ಲಿ ರೆಸಲ್ಯೂಷನ್ ಇಳಿಸಿ ಉಪಯೋಗವಿಲ್ಲ. ಭೂದೃಶ್ಯದ ವಿವರವನ್ನೂ ಸಂಚಾರವನ್ನೂ ತಗ್ಗಿಸಿದರೆ ಗುಣ ಕಾಣುತ್ತದೆ.

ಹೋಲುವ ದೋಷಗಳು

ಒಳ್ಳೆಯ ಪ್ರೊಸೆಸರೂ ಸುತ್ತಲಿನ ಕೊರತೆಯಿಂದ ಸೋಲಬಹುದು. ಕೂಲರಿನಲ್ಲಿ ಧೂಳು ಕಟ್ಟಿ ಶಾಖ ಏರಿದರೆ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಸಾಮಾನ್ಯವಾಗಿ ಮೆಮೊರಿಯ ಒಂದು ಚಾನೆಲ್ ಖಾಲಿ ಉಳಿಯುತ್ತದೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಮೆಮೊರಿ ವೇಗದ ಸೆಟ್ಟಿಂಗ್ ಆನ್ ಮಾಡದಿದ್ದರೆ ರ‍್ಯಾಮ್ ಪೊಟ್ಟಣದ ಮೇಲೆ ಬರೆದ ವೇಗದಲ್ಲಿ ಓಡದಿರಬಹುದು. ಹೊಸ ಜಾಗಕ್ಕೆ ಕಾಲಿಟ್ಟಾಗ ಒಮ್ಮೆ ಮಾತ್ರ ಕಾಣುವ ತಡವರಿಕೆ ಶೇಡರ್ ಕಂಪೈಲ್ ಆಗುವುದರಿಂದಲೂ, ಕಾರ್ಡಿನ ಮೆಮೊರಿ ತುಂಬಿದಾಗಿನ ಎಳೆತ ಟೆಕ್ಸ್ಚರ್‌ಗಳಿಂದಲೂ ಬಂದಿರಬಹುದು.

ಪರಿಹಾರ

ಖರ್ಚಿಲ್ಲದ ದಾರಿಗಳೇ ಮೊದಲು: ಧೂಳು ತೆಗೆಯುವುದು, ರ‍್ಯಾಮ್ ಸೆಟ್ಟಿಂಗ್ ಸರಿಪಡಿಸುವುದು, ಹಿನ್ನೆಲೆಯ ತಂತ್ರಾಂಶ ಮುಚ್ಚುವುದು, ಜನಸಂದಣಿ ಮತ್ತು ನೋಟದ ದೂರ ಕಡಿಮೆ ಮಾಡುವುದು. ಯಂತ್ರ ನಿಭಾಯಿಸಬಲ್ಲ ದರಕ್ಕೆ ಮಿತಿ ಹಾಕಿದರೆ ಏರಿಳಿತ ತಗ್ಗಿ ಆಟ ನಯವಾಗುತ್ತದೆ. ಕಾರ್ಡ್ ಬಿಡುವಾಗಿದ್ದರೆ ರೆಸಲ್ಯೂಷನ್ ಏರಿಸಿ ಹೆಚ್ಚು ಸ್ಪಷ್ಟ ಚಿತ್ರ ಪಡೆಯಬಹುದು. ಫ್ರೇಮ್ ಜನರೇಷನ್ ತಂತ್ರ ನಡುವಿನ ಫ್ರೇಮ್‌ಗಳನ್ನು ಕಾರ್ಡಿನಲ್ಲೇ ಸೃಷ್ಟಿಸುವುದರಿಂದ ನೋಟ ನಯವಾಗುತ್ತದೆ; ಆದರೆ ಆಟಗಾರನ ಕೈಗೆ ಆಟ ಸ್ಪಂದಿಸುವ ವೇಗ ಅದರಿಂದ ಹೆಚ್ಚುವುದಿಲ್ಲ.

ಇಷ್ಟಾದರೂ ಸಾಲದಿದ್ದರೆ ಮಾತ್ರ ಹೊಸ ಪ್ರೊಸೆಸರ್. ಅದಕ್ಕೂ ಮುನ್ನ ಮದರ್‌ಬೋರ್ಡಿನ ಸಾಕೆಟ್, ಅದು ಒಪ್ಪುವ ಪ್ರೊಸೆಸರುಗಳ ಪಟ್ಟಿ, ಬಯೋಸ್ ಆವೃತ್ತಿ ನೋಡಿಕೊಳ್ಳಬೇಕು. ಯಾವ ಯಂತ್ರದಲ್ಲೂ ಏನಾದರೊಂದು ಭಾಗ ಮಿತಿಯಾಗಿಯೇ ಇರುತ್ತದೆ. 60 ಹರ್ಟ್ಜ್ ಪರದೆಯಲ್ಲಿ ಆಟ 60 ಫ್ರೇಮ್‌ನಲ್ಲಿ ಮುಗ್ಗರಿಸದೆ ನಡೆಯುತ್ತಿದ್ದರೆ, ಆ ಮಿತಿಗಾಗಿ ಹಣ ಖರ್ಚು ಮಾಡುವ ಅಗತ್ಯವಿಲ್ಲ.